ಸೋತ ತಿದ್ದುಪಡಿಗಳ ಸದಸ್ಯ: ಹರಿ ವಿಷ್ಣು ಕಾಮತ್

1949ರ ಅಕ್ಟೋಬರ್ 17ರಂದು ದೆಹಲಿಯ ಸಂವಿಧಾನ ರಚನಾ ಸಭೆಯಲ್ಲಿ ಪೀಠಿಕೆಯ ಚರ್ಚೆ ನಡೆಯಿತು. ಮೂರು ವರ್ಷಗಳ ದುಡಿಮೆ ಮುಗಿಯುತ್ತ ಬಂದಿತ್ತು. ‘ಭಾರತದ ಜನತೆಯಾದ ನಾವು’ ಎಂದು ಆರಂಭವಾಗುವ ಆ ವಾಕ್ಯಕ್ಕೆ ಸದಸ್ಯರೊಬ್ಬರು ತಿದ್ದುಪಡಿ ತಂದರು. ಅದರ ಹಿಂದೆ ‘ದೇವರ ಹೆಸರಿನಲ್ಲಿ’ ಎಂಬ ಮಾತು ಸೇರಬೇಕೆಂಬುದು ಅವರ ಬೇಡಿಕೆ.

ಸಭೆಗೆ ಇಕ್ಕಟ್ಟಾಯಿತು. ದೇವರನ್ನು ಮತಕ್ಕೆ ಹಾಕುವ ಮುಜುಗರ ತಂದೊಡ್ಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ದೇವರನ್ನು ನಂಬುವ, ನಂಬದಿರುವ ಹಕ್ಕು ಮನುಷ್ಯನಿಗೆ ಇದೆಯೆಂದು ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೆ ನೆನಪಿಸಿದರು. ನಂಬಿಕೆಯ ಸ್ವಾತಂತ್ರ್ಯವನ್ನು ಸಾರುವ ಪೀಠಿಕೆಗೇ ಇದು ಹೊಂದುವುದಿಲ್ಲ ಎಂದು ಹೃದಯನಾಥ ಕುಂಜ್ರೂ ವಾದಿಸಿದರು. ಕಾಮಾಖ್ಯೆಯ ನಾಡಾದ ಅಸ್ಸಾಮಿನಿಂದ ಬಂದಿದ್ದ ರೋಹಿಣಿ ಕುಮಾರ್ ಚೌಧರಿ, ಹಾಗಾದರೆ ‘ದೇವಿಯ ಹೆಸರಿನಲ್ಲಿ’ ಎಂದು ಏಕಾಗಬಾರದು ಎಂದರು. ತಿದ್ದುಪಡಿ ತಂದವರು ಮಾತ್ರ ಹಿಂದೆ ಸರಿಯಲಿಲ್ಲ. ಕೈ ಎತ್ತಿಸಿ ಎಣಿಸಿದಾಗ ಪರವಾಗಿ 41, ವಿರುದ್ಧವಾಗಿ 68. ದೇವರು ಸೋತರು. ನಮ್ಮ ಚರಿತ್ರೆಯಲ್ಲಿ ಇದು ಕರಾಳ ದಿನ ಎಂದು ಹೇಳಿ ಆ ಸದಸ್ಯರು ಕುಳಿತರು.

ಅವರೇ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ಬದುಕಿನಲ್ಲಿ ಎಂದೂ ಮಂತ್ರಿಯಾಗಲಿಲ್ಲ. ಅವರು ತಂದ ತಿದ್ದುಪಡಿಗಳಲ್ಲಿ ಹೆಚ್ಚಿನವು ಬಿದ್ದುಹೋದವು. ಆದರೂ ಭಾರತದ ಸಂಸದೀಯ ಚರಿತ್ರೆ ಬರೆಯುವವರು ಅವರ ಹೆಸರನ್ನು ದಾಟಿ ಹೋಗಲಾರರು. ಹಿಂದಿನ ಸಾಲಿನಲ್ಲಿ ಕುಳಿತವನೊಬ್ಬ ಸೋಲುತ್ತಲೇ ಏನು ಮಾಡಬಲ್ಲ ಎಂಬುದಕ್ಕೆ ಅವರ ಬದುಕು ಒಳ್ಳೆಯ ನಿದರ್ಶನ.

ಅಧಿಕಾರಿ, ಬಂಡುಕೋರ

ಕಾಮತರು ಹುಟ್ಟಿದ್ದು 1907ರಲ್ಲಿ. ಆಗ ಮಂಗಳೂರು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಐಸಿಎಸ್ ಸೇರಿದರು. ಅಂದಿನ ದಿನಗಳಲ್ಲಿ ಒಂದು ಮನೆಗೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲವೆಂದೇ ಜನರ ಎಣಿಕೆ. ಮಧ್ಯಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ಅವರು 1938ರಲ್ಲಿ ಆ ಹುದ್ದೆಗೆ ರಾಜೀನಾಮೆ ಕೊಟ್ಟರು. ಅವರನ್ನು ಸೆಳೆದವರು ಸುಭಾಷ್‌ಚಂದ್ರ ಬೋಸ್. ಬೋಸರೂ ಐಸಿಎಸ್ ಗೆದ್ದು ಬಿಟ್ಟವರೇ. 1939ರಲ್ಲಿ ಬೋಸರು ಫಾರ್ವರ್ಡ್ ಬ್ಲಾಕ್ ಕಟ್ಟಿದಾಗ ಕಾಮತರು ಅದರ ಸಂಘಟನೆಗೆ ದುಡಿದರು, ಸೆರೆಮನೆಯನ್ನೂ ಕಂಡರು.

ಮುಂದೆ ಅವರ ಸಾರ್ವಜನಿಕ ಬದುಕು ನಡೆದದ್ದೆಲ್ಲ ಕರಾವಳಿಯಿಂದ ದೂರದ ನರ್ಮದಾ ತೀರದಲ್ಲಿ. ಸಂವಿಧಾನ ಸಭೆಗೆ ಅವರು ಆಯ್ಕೆಯಾದದ್ದೂ ಮಧ್ಯಪ್ರಾಂತ್ಯ ಮತ್ತು ಬೇರಾರ್‌ನಿಂದಲೇ. ಆಡಳಿತವನ್ನು ಒಳಗಿನಿಂದ ಕಂಡ ಅನುಭವ ಒಂದು ಕಡೆ, ಅದೇ ಆಡಳಿತದ ಕೈಯಲ್ಲಿ ಬಂದಿಯಾದ ಅನುಭವ ಇನ್ನೊಂದು ಕಡೆ. ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಚರ್ಚೆಗೆ ಜೀವ ತಂದವರು

ಸಂವಿಧಾನ ಸಭೆಯಲ್ಲಿ ಕಾಂಗ್ರೆಸ್ ಸದಸ್ಯರದೇ ಭಾರಿ ಬಹುಮತ. ಮುಖ್ಯ ವಿಷಯಗಳು ಮೊದಲು ಪಕ್ಷದ ಸಭೆಯಲ್ಲಿ ಇತ್ಯರ್ಥವಾಗಿ ಆಮೇಲೆ ಸದನಕ್ಕೆ ಬರುತ್ತಿದ್ದವು. ಪಕ್ಷದ ಆಜ್ಞೆಗೆ ಎಲ್ಲರೂ ತಲೆಬಾಗಿದ್ದರೆ ಸದನದ ಕೆಲಸ ಕೈ ಎತ್ತುವುದರಲ್ಲೇ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಕರಡಿಗೆ ಸೂಚಿತವಾದ ತಿದ್ದುಪಡಿಗಳು 7,635. ಅವುಗಳಲ್ಲಿ 2,473 ಸದನದಲ್ಲಿ ಮಂಡನೆಯಾದವು. ತಿದ್ದುಪಡಿ ತರುವವರ ಮುಂಚೂಣಿಯಲ್ಲಿ ಕಾಮತರಿದ್ದರು.

1949ರ ನವೆಂಬರ್ 25ರ ಸಮಾರೋಪ ಭಾಷಣದಲ್ಲಿ ಡಾ. ಅಂಬೇಡ್ಕರ್ ಈ ಮಾತನ್ನು ಎತ್ತಿದರು. ಎಲ್ಲರೂ ಪಕ್ಷದ ಶಿಸ್ತಿಗೆ ಒಳಗಾಗಿದ್ದರೆ ಸಭೆಯ ಕಲಾಪ ತೀರಾ ಸಪ್ಪೆಯಾಗುತ್ತಿತ್ತು, ಅದೃಷ್ಟಕ್ಕೆ ಕೆಲವರು ಬಂಡುಕೋರರಿದ್ದರು ಎಂದು ಅವರ ಹೆಸರುಗಳನ್ನು ಓದಿದರು. ಪಟ್ಟಿಯಲ್ಲಿ ಮೊದಲ ಹೆಸರು ಕಾಮತರದು. ಪಂಜಾಬರಾವ್ ದೇಶಮುಖ್, ಸಿಧ್ವಾ, ಶಿಬ್ಬನ್‌ಲಾಲ್ ಸಕ್ಸೇನಾ, ಠಾಕೂರ್‌ದಾಸ್ ಭಾರ್ಗವ, ಕೆ.ಟಿ. ಶಾ, ಕುಂಜ್ರೂ ನಂತರದವರು. ಅವರ ಸಲಹೆಗಳನ್ನು ತಾವು ಒಪ್ಪಲಿಲ್ಲವೆಂದ ಮಾತ್ರಕ್ಕೆ ಆ ಸಲಹೆಗಳ ಬೆಲೆ ಕುಂದುವುದಿಲ್ಲ, ಅವರಿಲ್ಲದಿದ್ದರೆ ಸಂವಿಧಾನದ ಹಿಂದಿನ ತತ್ವಗಳನ್ನು ವಿವರಿಸುವ ಅವಕಾಶವೇ ತಮಗೆ ಸಿಗುತ್ತಿರಲಿಲ್ಲ ಎಂದರು ಅಂಬೇಡ್ಕರ್. ತಮ್ಮ ವಾದಗಳನ್ನು ದಿನವೂ ಪರೀಕ್ಷೆಗೆ ಒಡ್ಡಿದವರಿಗೆ ಕರಡು ಸಮಿತಿಯ ಅಧ್ಯಕ್ಷರೇ ಸಲ್ಲಿಸಿದ ಕೃತಜ್ಞತೆ ಇದು.

ಶಾಸನಸಭೆಯಲ್ಲಿ ತಿದ್ದುಪಡಿಯೊಂದು ಸೋತರೂ ಅದು ಎಳೆದು ತಂದ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ. ಒಂದು ಪದವನ್ನು ಏಕೆ ಬಳಸಲಾಯಿತು, ಇನ್ನೊಂದನ್ನು ಏಕೆ ಬಿಡಲಾಯಿತು ಎಂದು ಇಂದಿನ ನ್ಯಾಯಾಲಯಗಳು ಹುಡುಕುವಾಗ ತೆರೆದು ನೋಡುವುದು ಆ ಪುಟಗಳನ್ನೇ.

ಗೆದ್ದದ್ದು, ಬಿದ್ದದ್ದು

ಕಾಮತರ ಎಲ್ಲ ಸಲಹೆಗಳೂ ಒಂದೇ ತೂಕದವಲ್ಲ. 1947ರ ಜುಲೈ 22ರಂದು ರಾಷ್ಟ್ರಧ್ವಜದ ಚರ್ಚೆಯಾದಾಗ ಚಕ್ರದ ಒಳಗೆ ಸ್ವಸ್ತಿಕವನ್ನು ಸೇರಿಸಬೇಕೆಂದು ಅವರು ಸೂಚನೆ ಕೊಟ್ಟಿದ್ದರು. ಧ್ವಜವನ್ನು ಕಣ್ಣಾರೆ ಕಂಡ ಮೇಲೆ ಅದು ಚೆನ್ನಾಗಿ ಕೂಡುವುದಿಲ್ಲವೆಂದು ತಾವೇ ಕೈಬಿಟ್ಟರು. 1948ರ ಡಿಸೆಂಬರ್‌ನಲ್ಲಿ, ಆಯುಧ ಹೊಂದುವ ಹಕ್ಕು ಮೂಲಭೂತ ಹಕ್ಕುಗಳಲ್ಲಿ ಸೇರಲಿ ಎಂದರು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ ಆ ಹಕ್ಕು ಇತ್ತೆಂಬುದು ಅವರ ಆಧಾರ. ಪರರ ಆಳ್ವಿಕೆಯಲ್ಲಿ ನಿಶ್ಶಸ್ತ್ರರಾಗಿದ್ದ ಜನರಿಗೆ ಅದು ಮಾನದ ಪ್ರಶ್ನೆಯಾಗಿತ್ತು, ನಿಜ. ಆದರೆ ವಿಭಜನೆಯ ರಕ್ತಪಾತ ಕಂಡು ಒಂದೂವರೆ ವರ್ಷವೂ ಕಳೆದಿರದ ದೇಶದಲ್ಲಿ ಸದನ ಅದನ್ನು ಒಪ್ಪಲಿಲ್ಲ. ಒಪ್ಪದಿದ್ದುದೇ ಒಳ್ಳೆಯದಾಯಿತು ಎಂದು ಇಂದು ಅನೇಕರು ಹೇಳಿಯಾರು.

ಗೆದ್ದ ತಿದ್ದುಪಡಿಯೂ ಒಂದಿದೆ. ರಾಷ್ಟ್ರಪತಿಯ ಪ್ರಮಾಣವಚನದಲ್ಲಿ ದೇವರ ಹೆಸರಿಗೆ ಅವಕಾಶವಿರಬೇಕೆಂದು ಕಾಮತರು 1948ರ ಡಿಸೆಂಬರ್ 27ರಂದು ಕೇಳಿದರು. ಮಹಾವೀರ ತ್ಯಾಗಿಯವರ ಮಾರ್ಪಾಟಿನೊಂದಿಗೆ ಸದನ ಒಪ್ಪಿತು. ‘ದೇವರ ಹೆಸರಿನಲ್ಲಿ’ ಪ್ರಮಾಣ ಮಾಡಬಹುದು, ಬೇಡವೆಂದರೆ ದೇವರ ಮಾತಿಲ್ಲದೆ ದೃಢೀಕರಿಸಬಹುದು ಎಂಬ ಎರಡು ದಾರಿಗಳು ಹಾಗೆ ಬಂದವು. ಆಸ್ತಿಕನಿಗೂ ನಾಸ್ತಿಕನಿಗೂ ಜಾಗವಿರುವ ಏರ್ಪಾಡು ಅದು. ವಿಧಾನಸೌಧದ ಮುಂದೆ ಹೊಸ ಸಚಿವರು ಮನೆದೇವರ ಹೆಸರನ್ನೂ ರೈತರ ಹೆಸರನ್ನೂ ಸೇರಿಸಿಕೊಂಡು ಪ್ರಮಾಣ ಮಾಡುವುದನ್ನು ನೋಡುವಾಗ ಆ ನಮೂನೆಯ ಹಿಂದಿನ ಚರ್ಚೆ ಯಾರಿಗೂ ನೆನಪಾಗುವುದಿಲ್ಲ. ಪೀಠಿಕೆಯಲ್ಲಿ ದೇವರ ಹೆಸರು ಸೋತದ್ದು ಏಕೆಂದು ತಿಳಿಯಲು ಈ ಗೆಲುವನ್ನೂ ಜೊತೆಗಿಟ್ಟು ನೋಡಬೇಕು. ಪ್ರಮಾಣವಚನದಲ್ಲಿ ಆಯ್ಕೆಯಿತ್ತು, ಪೀಠಿಕೆಯಲ್ಲಿ ಅದು ಇರುತ್ತಿರಲಿಲ್ಲ.

ದೇಶದ ಹೆಸರಿನ ಪ್ರಶ್ನೆ ಬಂದದ್ದು 1949ರ ಸೆಪ್ಟೆಂಬರ್ 18ರಂದು. ‘ಇಂಡಿಯಾ, ಅಂದರೆ ಭಾರತ’ ಎಂಬ ಕರಡಿನ ಮಾತು ಕಾಮತರಿಗೆ ಹಿಡಿಸಲಿಲ್ಲ. ‘ಭಾರತ, ಅಥವಾ ಇಂಗ್ಲಿಷ್ ಭಾಷೆಯಲ್ಲಿ ಇಂಡಿಯಾ’ ಎಂದಾಗಬೇಕೆಂದರು. ಐರ್ಲೆಂಡಿನ 1937ರ ಸಂವಿಧಾನ ತನ್ನ ದೇಶದ ಹೆಸರನ್ನು ‘ಏರ’ ಎಂದು ಮೊದಲು ಹೇಳಿ, ಇಂಗ್ಲಿಷಿನಲ್ಲಿ ಐರ್ಲೆಂಡ್ ಎಂದು ನಂತರ ಹೇಳಿರುವುದನ್ನು ಎತ್ತಿ ತೋರಿಸಿದರು. ಹೆಸರಿನ ಮೂಲ ಹುಡುಕುತ್ತ ಅವರು ಹಿಂದಕ್ಕೆ ಹೋದಾಗ, ಮಾಡಬೇಕಾದ ಕೆಲಸ ಬಹಳವಿದೆ, ಇದೆಲ್ಲ ಬೇಕೇ ಎಂದು ಅಂಬೇಡ್ಕರ್ ಕೇಳಿದರು. ಮತಕ್ಕೆ ಹಾಕಿದಾಗ ಪರವಾಗಿ 38, ವಿರುದ್ಧವಾಗಿ 51. ಹದಿಮೂರು ಮತಗಳ ಅಂತರದಲ್ಲಿ ದೇಶದ ಹೆಸರಿನ ಕ್ರಮ ತೀರ್ಮಾನವಾಯಿತು. ಆ ವಾದ ಇಂದಿಗೂ ಆಗಾಗ ತಲೆಯೆತ್ತುತ್ತದೆ.

ಸಂವಿಧಾನದ ಕೊನೆಯ ಓದಿನ ಹೊತ್ತಿಗೆ ಸದಸ್ಯರ ಅಸಮಾಧಾನಗಳೂ ಹೊರಬಂದವು. ತಾವು ಬಯಸಿದ್ದು ವೀಣೆಯ ನಾದ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂದು ಮೈಸೂರಿನ ಕೆ. ಹನುಮಂತಯ್ಯ ಹೇಳಿದ್ದು ಆಗಲೇ. ಸಭೆಯ ಲಾಂಛನ ಆನೆ, ಅದಕ್ಕೆ ತಕ್ಕಂತೆ ಸಂವಿಧಾನದ ಗಾತ್ರವೂ ಆನೆಯದೇ ಎಂದು ಕಾಮತರು ನಗೆಯಾಡಿದರು. ನಗೆಗೆ ಎಡೆಯೇ ಇಲ್ಲದ ವಿಷಯವೊಂದು ಮಾತ್ರ ಅವರನ್ನು ಅದಕ್ಕೂ ಮೊದಲೇ ಕಾಡಿತ್ತು.

ತುರ್ತುಪರಿಸ್ಥಿತಿಯ ಎಚ್ಚರಿಕೆ

1949ರ ಆಗಸ್ಟ್‌ನಲ್ಲಿ ತುರ್ತುಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದವು. ಯುದ್ಧ, ಹೊರಗಿನ ಆಕ್ರಮಣ, ಇಲ್ಲವೇ ‘ಆಂತರಿಕ ಕ್ಷೋಭೆ’ಯ ಬೆದರಿಕೆಯಿದ್ದರೆ ರಾಷ್ಟ್ರಪತಿ ತುರ್ತುಪರಿಸ್ಥಿತಿ ಘೋಷಿಸಬಹುದು. ಆಗ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯದ ಮೊರೆ ಹೋಗುವ ಹಕ್ಕನ್ನೇ ಅಮಾನತಿನಲ್ಲಿ ಇಡಬಹುದು. ಕರಡು ಹೇಳುತ್ತಿದ್ದುದು ಇದನ್ನು.

ಅಂದಿನ ಸನ್ನಿವೇಶವನ್ನು ಮರೆಯಬಾರದು. ಕಾಶ್ಮೀರದಲ್ಲಿ ಯುದ್ಧ ನಿಂತು ಕೆಲವೇ ತಿಂಗಳಾಗಿತ್ತು. ತೆಲಂಗಾಣದಲ್ಲಿ ಸಶಸ್ತ್ರ ಹೋರಾಟ ನಡೆದಿತ್ತು. ನಿರಾಶ್ರಿತರ ಶಿಬಿರಗಳು ತುಂಬಿದ್ದವು. ದೇಶ ಒಡೆದು ಹೋದೀತೆಂಬ ಭಯ ಸುಳ್ಳಾಗಿರಲಿಲ್ಲ. ತುರ್ತುಪರಿಸ್ಥಿತಿಯ ವಿಧಿಗಳು ಸಂವಿಧಾನದ ಉಸಿರೇ ಆಗಿವೆ ಎಂದು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರಂತಹ ದೊಡ್ಡ ನ್ಯಾಯವಾದಿ ಸಮರ್ಥಿಸಿದ್ದು ಇದೇ ಕಾರಣಕ್ಕೆ.

ಕಾಮತರು ಬೇರೊಂದು ದೇಶದ ಕಥೆಯನ್ನು ಮುಂದಿಟ್ಟರು. ಮೊದಲ ಮಹಾಯುದ್ಧದ ನಂತರ ಜರ್ಮನಿ ರಚಿಸಿಕೊಂಡ ವೈಮಾರ್ ಸಂವಿಧಾನದಲ್ಲೂ ಇಂಥದೇ ವಿಧಿಯೊಂದಿತ್ತು. ಹಕ್ಕುಗಳನ್ನು ತಡೆಹಿಡಿಯುವ ಅಧಿಕಾರವನ್ನು ಅದರ 48ನೇ ವಿಧಿ ಅಧ್ಯಕ್ಷರಿಗೆ ಕೊಟ್ಟಿತ್ತು. ಹಿಟ್ಲರ್ ಪ್ರಜಾಪ್ರಭುತ್ವವನ್ನು ಮುಗಿಸಿದ್ದು ಅಂಥ ವಿಧಿಗಳನ್ನು ಬಳಸಿಯೇ ಎಂದು ಅವರು ನೆನಪಿಸಿದರು. ಆಗಸ್ಟ್ 20ರಂದು, ನ್ಯಾಯಾಲಯದ ಬಾಗಿಲು ಮುಚ್ಚುವ ವಿಧಿ ಮತಕ್ಕೆ ಬಂದಾಗ ಅವರ ಮಾತು ಇನ್ನೂ ಕಟುವಾಯಿತು. ಈ ಒಂದು ಅಧ್ಯಾಯದಿಂದ ಪೊಲೀಸ್ ರಾಜ್ಯಕ್ಕೆ ಅಡಿಗಲ್ಲು ಹಾಕುತ್ತಿದ್ದೇವೆ, ಅಂಥ ರಾಜ್ಯದಲ್ಲಿ ಶಾಂತಿಯಿದ್ದರೆ ಅದು ಮಸಣದ ಶಾಂತಿಯಾಗಿರುತ್ತದೆ ಎಂದರು. ಅದನ್ನು ನಾಚಿಕೆಯ, ದುಃಖದ ದಿನವೆಂದು ಕರೆದರು. ವಿಧಿ ಅಂಗೀಕಾರವಾಯಿತು. ಕಾಮತರು ಎಂದಿನಂತೆ ಸೋತರು.

ದೇವರ ಹೆಸರು ಬಿದ್ದಾಗಲೂ ಅವರು ಕರಾಳ ದಿನವೆಂದೇ ಹೇಳಿದ್ದರು. ಮಾತಿನಲ್ಲಿ ಕಾವು ಹೆಚ್ಚಿದ್ದವರ ಎಚ್ಚರಿಕೆಯನ್ನು ಸದನ ಹಗುರವಾಗಿ ತೆಗೆದುಕೊಳ್ಳುವುದುಂಟು. ಈ ಎರಡು ಕರಾಳ ದಿನಗಳಲ್ಲಿ ಒಂದು ಮುಂದೆ ನಿಜವಾಗಿಯೇ ಕರಾಳವಾಯಿತು.

301 ಮತಪತ್ರಗಳು

1952ರ ಮೊದಲ ಮಹಾಚುನಾವಣೆಯಲ್ಲಿ ಕಾಮತರು ಹೋಶಂಗಾಬಾದಿನಿಂದ ಲೋಕಸಭೆಗೆ ಸ್ಪರ್ಧಿಸಿದರು. ನರ್ಮದೆಯ ದಡದ ಆ ಊರಿಗೆ ಈಗ ನರ್ಮದಾಪುರಂ ಎಂದು ಹೆಸರು. ಕಾಂಗ್ರೆಸ್ಸಿನ ಸೈಯದ್ ಅಹ್ಮದ್ ಅವರಿಗೆ 65,375 ಮತಗಳು ಬಂದವು, ಕಾಮತರಿಗೆ 65,201. ಸೋಲಿನ ಅಂತರ 174.

ಆ ಚುನಾವಣೆಯಲ್ಲಿ ಲೋಕಸಭೆಯ ಮತಪತ್ರಕ್ಕೆ ಹಸಿರು ಪಟ್ಟಿ, ವಿಧಾನಸಭೆಯದಕ್ಕೆ ಕಂದು ಪಟ್ಟಿ. ಕೆಲವು ಮತಗಟ್ಟೆಗಳಲ್ಲಿ ಸಿಬ್ಬಂದಿಯ ತಪ್ಪಿನಿಂದ ಒಂದಕ್ಕೆ ಬದಲು ಇನ್ನೊಂದನ್ನು ಕೊಟ್ಟುಬಿಟ್ಟಿದ್ದರು. ನಿಯಮದ ಪ್ರಕಾರ ತಿರಸ್ಕರಿಸಬೇಕಾಗಿದ್ದ ಅಂಥ 301 ಮತಪತ್ರಗಳು ಎಣಿಕೆಗೆ ಸೇರಿದ್ದವು. ಅಂತರ 174, ದೋಷದ ಮತಗಳು 301. ಕಾಮತರು ಚುನಾವಣಾ ನ್ಯಾಯಮಂಡಳಿಗೆ ಹೋದರು. ಅಲ್ಲಿ ಸೋತು ಹೈಕೋರ್ಟಿಗೆ ಹೋದರು. ಅಲ್ಲಿಯೂ ಫಲ ಸಿಗದೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1954ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಇಡೀ ಚುನಾವಣೆಯನ್ನೇ ಅಸಿಂಧುವೆಂದು ಘೋಷಿಸಿತು. 1955ರ ಉಪಚುನಾವಣೆಯಲ್ಲಿ ಗೆದ್ದು ಅವರು ಪ್ರಜಾ ಸೋಷಲಿಸ್ಟ್ ಪಕ್ಷದ ಸದಸ್ಯರಾಗಿ ಲೋಕಸಭೆ ಪ್ರವೇಶಿಸಿದರು.

‘ಹರಿ ವಿಷ್ಣು ಕಾಮತ್ ವಿರುದ್ಧ ಅಹ್ಮದ್ ಇಶಾಕ್’ ಎಂಬ ಆ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಕೆಳಗಿನ ನ್ಯಾಯಮಂಡಳಿಯ ತೀರ್ಮಾನ ಮೇಲ್ನೋಟಕ್ಕೇ ತಪ್ಪಾಗಿದ್ದರೆ ಹೈಕೋರ್ಟ್ ಅದನ್ನು ರದ್ದುಮಾಡಬಹುದು ಎಂಬ ತತ್ವವನ್ನು ಅದು ಸ್ಪಷ್ಟಪಡಿಸಿತು. ಸರ್ಕಾರಿ ಪ್ರಾಧಿಕಾರವೊಂದರ ತಪ್ಪು ಆದೇಶದ ವಿರುದ್ಧ ರಿಟ್ ಅರ್ಜಿ ಹಾಕುವ ಸಾಮಾನ್ಯ ನಾಗರಿಕನಿಗೆ ಈ ತತ್ವ ಆಸರೆ.

ಪ್ರತಿಪಕ್ಷದ ಸಾಲಿನಲ್ಲಿ

1957ರಲ್ಲಿ ಕಾಮತರು ಲೋಕಸಭೆಗೆ ಮರಳಲಿಲ್ಲ. 1962ರಲ್ಲಿ ಮತ್ತೆ ಹೋಶಂಗಾಬಾದಿನಿಂದ ಗೆದ್ದರು. ಚೀನಾ ಯುದ್ಧ, ನೆಹರೂ ನಿಧನ, ಪಾಕಿಸ್ತಾನದೊಡನೆ ಯುದ್ಧ, ಶಾಸ್ತ್ರಿಯವರ ನಿಧನ, ಎಲ್ಲವೂ ಆ ಐದು ವರ್ಷಗಳಲ್ಲೇ ಆದವು. ಚೀನಾ ಟಿಬೆಟನ್ನು ಆಕ್ರಮಿಸಿದ ಬಗ್ಗೆ ಯುದ್ಧಕ್ಕೆ ಮೂರು ವರ್ಷ ಮೊದಲೇ, 1959ರಲ್ಲಿ, ಅವರು ಪುಸ್ತಕ ಬರೆದಿದ್ದರು.

1966ರಲ್ಲಿ ರಚನೆಯಾದ ಆಡಳಿತ ಸುಧಾರಣಾ ಆಯೋಗದಲ್ಲಿ ಕಾಮತರು ಸದಸ್ಯರಾದರು. ಮೊದಲು ಮೊರಾರ್ಜಿ ದೇಸಾಯಿ ಅದರ ಅಧ್ಯಕ್ಷರು, 1967ರಿಂದ ಹನುಮಂತಯ್ಯ. ಇಂಗ್ಲಿಷ್ ಬ್ಯಾಂಡಿನ ಮಾತು ಹೇಳಿದವರೂ ಆನೆಯ ಮಾತು ಹೇಳಿದವರೂ ಒಂದೇ ಮೇಜಿನ ಸುತ್ತ ಕುಳಿತು ಸರ್ಕಾರಿ ಯಂತ್ರದ ದುರಸ್ತಿಗೆ ತೊಡಗಿದರು. ನಾಗರಿಕರ ದೂರುಗಳನ್ನು ಕೇಳಲು ಲೋಕಪಾಲ, ಲೋಕಾಯುಕ್ತ ಎಂಬ ಹುದ್ದೆಗಳಿರಬೇಕೆಂದು ಆಯೋಗ 1966ರ ಅಕ್ಟೋಬರ್‌ನಲ್ಲೇ ಶಿಫಾರಸು ಮಾಡಿತು. ಕರ್ನಾಟಕ ಲೋಕಾಯುಕ್ತ ಕಾಯ್ದೆ ಮಾಡಿದ್ದು 1984ರಲ್ಲಿ. ಕೇಂದ್ರದಲ್ಲಿ ಲೋಕಪಾಲ ಕಾಯ್ದೆಯಾಗಲು 2013ರ ವರೆಗೆ ಕಾಯಬೇಕಾಯಿತು.

ಇಪ್ಪತ್ತಾರು ವರ್ಷಗಳ ನಂತರ

1975ರ ಜೂನ್ 25ರ ರಾತ್ರಿ ‘ಆಂತರಿಕ ಕ್ಷೋಭೆ’ಯ ಕಾರಣ ಹೇಳಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಜೂನ್ 27ರ ಆದೇಶ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಮುಚ್ಚಿತು. 1949ರ ಆಗಸ್ಟ್ 20ರಂದು ಕಾಮತರು ವಿರೋಧಿಸಿದ್ದ ವಿಧಿಯಿಂದಲೇ ಆ ಆದೇಶ ಹೊರಟಿತ್ತು.

ಆದರೂ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿಗಳನ್ನು ಕೇಳಲು ಒಪ್ಪಿದವು. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರ ಅರ್ಜಿಗಳು ಬಂದ ಕರ್ನಾಟಕ ಹೈಕೋರ್ಟ್ ಅವುಗಳಲ್ಲಿ ಒಂದು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಜಬಲ್ಪುರ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಅಧಿಕಾರಿಯೊಬ್ಬ ಅನ್ಯಾಯವಾಗಿ ಜೀವ ತೆಗೆದರೂ ನ್ಯಾಯಾಲಯಕ್ಕೆ ದಾರಿಯಿಲ್ಲವೇ ಎಂದು ವಿಚಾರಣೆಯ ವೇಳೆ ಖನ್ನಾ ಕೇಳಿದ್ದಕ್ಕೆ, ಇಲ್ಲವೆಂದೇ ಅಟಾರ್ನಿ ಜನರಲ್ ಉತ್ತರಿಸಿದ್ದರು. ಮಸಣದ ಶಾಂತಿಯ ಮಾತು ಉತ್ಪ್ರೇಕ್ಷೆಯಲ್ಲವೆಂದು ದೇಶಕ್ಕೆ ಆಗ ತಿಳಿಯಿತು.

1977ರಲ್ಲಿ ಕಾಮತರು ಮೂರನೆಯ ಬಾರಿ ಹೋಶಂಗಾಬಾದಿನಿಂದ ಲೋಕಸಭೆಗೆ ಬಂದರು. ಎಪ್ಪತ್ತು ವರ್ಷದ ಅವರು ಆಳುವ ಪಕ್ಷದ ಕಡೆ ಕುಳಿತಿದ್ದರೂ ಮಂತ್ರಿಯಾಗಲಿಲ್ಲ. ಅವರಿದ್ದ ಆ ಲೋಕಸಭೆಯ ಅವಧಿಯಲ್ಲೇ, 1978ರಲ್ಲಿ, ಸಂವಿಧಾನದ 44ನೇ ತಿದ್ದುಪಡಿ ಆಯಿತು. ‘ಆಂತರಿಕ ಕ್ಷೋಭೆ’ ಹೋಗಿ ‘ಸಶಸ್ತ್ರ ಬಂಡಾಯ’ ಬಂತು. ಘೋಷಣೆಗೆ ಸಂಪುಟದ ಲಿಖಿತ ಸಲಹೆ ಕಡ್ಡಾಯವಾಯಿತು. ಸಂಸತ್ತಿನ ಒಪ್ಪಿಗೆ ಪಡೆಯಲು ಇದ್ದ ಎರಡು ತಿಂಗಳ ಗಡುವು ಒಂದು ತಿಂಗಳಿಗೆ ಇಳಿಯಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಎಂಥ ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವಂತಿಲ್ಲ ಎಂದಾಯಿತು. 1949ರಲ್ಲಿ ಕೇಳದೆ ಹೋದ ಎಚ್ಚರಿಕೆಯ ತಿರುಳನ್ನು ದೇಶ ದುಬಾರಿ ಬೆಲೆ ತೆತ್ತು ಒಪ್ಪಿಕೊಂಡಿತು. ಕಾಮತರು 1982ರಲ್ಲಿ ತೀರಿಕೊಂಡರು. ಜಬಲ್ಪುರ ತೀರ್ಪನ್ನು ಸುಪ್ರೀಂ ಕೋರ್ಟ್ ತಪ್ಪೆಂದು ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಖಾಸಗಿತನದ ಮೊಕದ್ದಮೆಯಲ್ಲಿ.

ಹಿಂದಿನ ಬೆಂಚಿನ ಬೆಲೆ

ಇಂದಿನ ಸಂಸತ್ತಿನಲ್ಲಿ ಕಾಮತರಂಥ ಸದಸ್ಯ ಏನು ಮಾಡಬಲ್ಲ? 1985ರ 52ನೇ ತಿದ್ದುಪಡಿ ಪಕ್ಷಾಂತರಕ್ಕೆ ಕಡಿವಾಣ ಹಾಕಿತು. ಹಣಕ್ಕೂ ಹುದ್ದೆಗೂ ಪಕ್ಷ ಬಿಡುವ ಪಿಡುಗು ಆಗ ಮಿತಿಮೀರಿತ್ತು, ಕಾನೂನು ಬೇಕೇ ಆಗಿತ್ತು. ಆದರೆ ಅದೇ ಕಾನೂನಿನ ಪ್ರಕಾರ ವಿಪ್ ಉಲ್ಲಂಘಿಸಿ ಮತ ಹಾಕಿದವನು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಹುದ್ದೆಯ ಆಸೆಗೆ ಮತ ಹಾಕಿದವನಿಗೂ ಆತ್ಮಸಾಕ್ಷಿಗಾಗಿ ಮತ ಹಾಕಿದವನಿಗೂ ಅದು ಒಂದೇ ಶಿಕ್ಷೆ ವಿಧಿಸುತ್ತದೆ. ದೇಶದ ಹೆಸರಿನ ಪ್ರಶ್ನೆಗೆ ಅಂದು 38 ಕೈಗಳು ಒಂದು ಕಡೆ, 51 ಇನ್ನೊಂದು ಕಡೆ ಎದ್ದವು. ಅವುಗಳಲ್ಲಿ ಬಹುಪಾಲು ಒಂದೇ ಪಕ್ಷದವರ ಕೈಗಳು. ಇಂದು ಅಂಥ ದೃಶ್ಯವನ್ನು ಊಹಿಸುವುದೂ ಕಷ್ಟ.

ಮಾತಿಗೆ ಮಾತ್ರ ತಡೆಯಿಲ್ಲ. ತಿದ್ದುಪಡಿ ಸೂಚಿಸುವ, ಕಾರಣ ಕೇಳುವ, ಉತ್ತರವನ್ನು ದಾಖಲೆಗೆ ಸೇರಿಸುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ. ಅದಕ್ಕೆ ಬೇಕಾದದ್ದು ಓದು, ಹಟ, ಮತ್ತೆ ಮತ್ತೆ ಸೋಲುವ ಧೈರ್ಯ. ಮಸೂದೆಗಳು ಚರ್ಚೆಯಿಲ್ಲದೆ ಗದ್ದಲದ ನಡುವೆ ಅಂಗೀಕಾರವಾದರೆ ನಾಳೆ ಅವುಗಳ ಅರ್ಥ ಹುಡುಕುವವರಿಗೆ ತೆರೆದು ನೋಡಲು ಪುಟಗಳೇ ಇರುವುದಿಲ್ಲ. ವೈಮಾರ್ ಕಥೆಯನ್ನು ಯಾರೋ ಒಬ್ಬರು 1949ರಲ್ಲೇ ಹೇಳಿಟ್ಟಿದ್ದರೆಂಬುದು ನಮಗೆ ಇಂದು ಗೊತ್ತಿರುವುದು, ಸೋಲುವೆನೆಂದು ತಿಳಿದೂ ಅವರು ಎದ್ದು ನಿಂತು ಮಾತಾಡಿದ್ದರಿಂದ.